ಸಾಸಿವೆ ದಿಂಬಿನಿಂದ ಮಗುವಿನ ತಲೆ ದುಂಡಗಾಗುತ್ತದೆಯೇ?

ಮಗುವಿನ ತಲೆ ಒಂದು ಕಡೆ ಚಪ್ಪಟೆಯಾಗಿದ್ದರೆ ಸಾಸಿವೆ ದಿಂಬಿನ ಮೇಲೆ ಮಲಗಿಸಿ, ಎಣ್ಣೆ ಹಚ್ಚಿ ಅಂಗೈಯಿಂದ ಒತ್ತಿದರೆ ದುಂಡಗಾಗುತ್ತದೆ ಎಂಬ ಸಂದೇಶ ನಿಮಗೂ ಬಂದಿರಬಹುದು. ಬಹಳಷ್ಟು ಮಕ್ಕಳ ತಲೆ ಕ್ರಮೇಣ ದುಂಡಗಾಗುವುದು ನಿಜ. ಆದರೆ ಅದು ದಿಂಬಿಲ್ಲದೆಯೂ ಆಗುತ್ತದೆ. ತೊಂದರೆ ಇರುವುದು ದಿಂಬು, ಮಾಲೀಶು ಯಾವುದಕ್ಕೂ ಬಗ್ಗದ ಕೆಲವೇ ಮಕ್ಕಳಲ್ಲಿ.

ಹಸುಗೂಸಿನ ತಲೆಬುರುಡೆ ಒಂದೇ ಮೂಳೆಯಲ್ಲ. ಹಲವು ಮೂಳೆಗಳ ನಡುವೆ ಸೂಚರ್ ಎಂಬ ಮೆತ್ತನೆಯ ಕೂಡುಗೆರೆಗಳಿರುತ್ತವೆ. ಮಿದುಳು ಬೆಳೆದಂತೆ ಬುರುಡೆ ಹಿಗ್ಗುವುದು ಇಲ್ಲೇ. ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಂದಕ್ಕೆ ಇಂಥ ಗೆರೆಯೊಂದು ಅವಧಿಗೆ ಮುಂಚೆಯೇ, ಹೆಚ್ಚಾಗಿ ಹೊಟ್ಟೆಯಲ್ಲಿದ್ದಾಗಲೇ, ಬೆಸೆದುಕೊಂಡಿರುತ್ತದೆ. ಇದೇ ಕ್ರೇನಿಯೋಸಿನೊಸ್ಟೋಸಿಸ್. ಆಗ ಬುರುಡೆ ಬೇರೆ ದಿಕ್ಕಿಗೆ ಬೆಳೆಯುತ್ತದೆ. ನೆತ್ತಿಯ ಉದ್ದದ ಗೆರೆ ಬೆಸೆದರೆ ತಲೆ ದೋಣಿಯಂತೆ ಉದ್ದವಾಗುತ್ತದೆ, ಹಣೆಯ ಗೆರೆ ಬೆಸೆದರೆ ಹಣೆ ತ್ರಿಕೋನವಾಗುತ್ತದೆ. ಬೆಸೆದ ಮೂಳೆಯನ್ನು ಯಾವ ಅಜ್ಜಿಯ ಕೈಯೂ ಬಿಡಿಸಲಾರದು.

ವೈದ್ಯರು ಮೊದಲು ಕೇಳುವುದು ಈ ಆಕಾರ ಹುಟ್ಟಿದಾಗಲೇ ಇತ್ತೇ, ಆಮೇಲೆ ಬಂತೇ ಎಂದು. (ಹೆರಿಗೆಯ ಒತ್ತಡದಿಂದ ತಲೆ ಉದ್ದವಾಗಿದ್ದರೆ ಕೆಲವು ದಿನ, ವಾರಗಳಲ್ಲಿ ಸರಿಹೋಗುತ್ತದೆ.) ಮಲಗುವ ಭಂಗಿಯಿಂದ ಬಂದ ಚಪ್ಪಟೆ ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಂತರ ಮಗುವನ್ನು ಮಡಿಲಲ್ಲಿ ಕೂರಿಸಿ ನೆತ್ತಿಯ ಮೇಲಿನಿಂದ ನೋಡುತ್ತಾರೆ. ಭಂಗಿಯ ಚಪ್ಪಟೆಯಲ್ಲಿ ಆ ಬದಿಯ ಕಿವಿ ಮುಂದಕ್ಕೆ ಸರಿದು, ಅದೇ ಬದಿಯ ಹಣೆಯೂ ತುಸು ಮುಂದೆ ಬಂದಿರುತ್ತದೆ. ತಿಂಗಳಿಗೊಮ್ಮೆ ಮೇಲಿನಿಂದ ಒಂದು ಫೋಟೊ ತೆಗೆದಿಟ್ಟರೆ ವೈದ್ಯರಿಗೆ ಬಹಳ ಉಪಯೋಗ. ಗೆರೆಯ ಮೇಲೆ ಬೆರಳಾಡಿಸಿದಾಗ ಏಣಿನಂತೆ ಗಟ್ಟಿಯಾಗಿ ಸಿಕ್ಕರೆ, ಆಕಾರವೂ ಕೆಡುತ್ತಾ ಹೋದರೆ ಅನುಮಾನ ಹೆಚ್ಚು. ನೆತ್ತಿ ಇನ್ನೂ ಮೆತ್ತಗಿದೆ, ಹಾಗಾಗಿ ಏನೂ ಇಲ್ಲ ಎನ್ನುವುದು ತಪ್ಪು; ನೆತ್ತಿ ತೆರೆದಿದ್ದೂ ಒಂದು ಗೆರೆ ಬೆಸೆದಿರಬಹುದು.

ಸಿಟಿ ಸ್ಕ್ಯಾನ್ ಎಲ್ಲರಿಗೂ ಬೇಡ. ಅನುಮಾನ ಬಲವಾಗಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು ಎನಿಸಿದಾಗ ಮಾತ್ರ ಮಾಡಿಸುತ್ತಾರೆ.

ಭಂಗಿಯ ಚಪ್ಪಟೆಗೆ ಶಸ್ತ್ರಚಿಕಿತ್ಸೆ ಬೇಡ. ಎಚ್ಚರವಿದ್ದಾಗ, ನೀವು ಪಕ್ಕದಲ್ಲಿದ್ದು, ಬೋರಲು ಮಲಗಿಸಿ ಆಡಿಸಿ. ಮಗು ಸದಾ ಒಂದೇ ಕಡೆ ತಲೆ ತಿರುಗಿಸುತ್ತಿದ್ದರೆ ಕುತ್ತಿಗೆಯ ಸ್ನಾಯು ಬಿಗಿದಿರಬಹುದು, ಅದಕ್ಕೆ ಫಿಸಿಯೋಥೆರಪಿ ಇದೆ. ನಿದ್ದೆಗೆ ಮಾತ್ರ ಅಂಗಾತವೇ ಸರಿ. ತಲೆಯ ಆಕಾರ ಸರಿಪಡಿಸುವ ದಿಂಬುಗಳನ್ನು ಬಳಸಬೇಡಿ ಎಂದು ಅಮೆರಿಕದ ಎಫ್‌ಡಿಎ 2022ರಲ್ಲೇ ಎಚ್ಚರಿಸಿದೆ. ಅವುಗಳಿಂದ ಉಸಿರು ಕಟ್ಟುವ ಅಪಾಯವಿದೆ, ನಿಜವಾದ ಕಾಯಿಲೆ ಪತ್ತೆಯಾಗುವುದೂ ತಡವಾಗಬಹುದು.

ಆ ತಡವೇ ದುಬಾರಿ. ಬೆಸೆದ ಗೆರೆಯನ್ನು ಸಣ್ಣ ಗಾಯಗಳ ಮೂಲಕ ಎಂಡೋಸ್ಕೋಪ್‌ನಿಂದ ಬಿಡಿಸುವುದು ಮೂರ್ನಾಲ್ಕು ತಿಂಗಳೊಳಗೆ ಸುಲಭ, ಆಮೇಲೆ ಕೆಲವು ತಿಂಗಳು ಹೆಲ್ಮೆಟ್ ಹಾಕುತ್ತಾರೆ. ಮೂಳೆ ಗಟ್ಟಿಯಾದ ಮೇಲೆ ತಲೆ ತೆರೆದು ಮಾಡುವ ದೊಡ್ಡ ಶಸ್ತ್ರಚಿಕಿತ್ಸೆಯೇ ಗತಿ. ಒಂದಕ್ಕಿಂತ ಹೆಚ್ಚು ಗೆರೆ ಬೆಸೆದಿದ್ದರೆ ಮಿದುಳಿನ ಮೇಲೆ ಒತ್ತಡ ಬೀಳುವ ಸಂಭವ ಜಾಸ್ತಿ. ನೆತ್ತಿ ಉಬ್ಬಿಕೊಂಡು ಮಗು ಪದೇಪದೇ ವಾಂತಿ ಮಾಡುತ್ತಿದ್ದರೆ, ಮಂಕಾಗಿದ್ದರೆ, ಅಂದೇ ಆಸ್ಪತ್ರೆಗೆ ಹೋಗಿ.

ಉಳಿದವರಿಗೆ 6, 10 ಮತ್ತು 14ನೇ ವಾರದ ಲಸಿಕೆಯ ದಿನಗಳಿವೆ. ಅಂದು ತಲೆಯ ಸುತ್ತಳತೆಯನ್ನು ಟೇಪಿನಿಂದ ಅಳೆದು ತಾಯಿ ಕಾರ್ಡಿನಲ್ಲಿ ಬರೆದುಕೊಡಲು ಕೇಳಿ. ಹುಟ್ಟಿದಾಗ ಸುಮಾರು 34–35 ಸೆಂ.ಮೀ. ಇದ್ದದ್ದು ವರ್ಷ ತುಂಬುವಾಗ 46ರ ಆಸುಪಾಸಿಗೆ ಬರಬೇಕು.