ಊರೊಳಗಿನ ಬಯಲು, ಊರಾಚೆಯ ಬಯಲು

ಬೆಂಗಳೂರಿನ ನೆಂಟರಿಷ್ಟರೊಡನೆ ಫೋನಿನಲ್ಲಿ ಮಾತಿಗೆ ಕುಳಿತರೆ, ಮದುವೆ-ಮುಂಜಿ, ಮಳೆ-ನೀರುಗಳ ವಿಚಾರ ಮುಗಿದ ಮೇಲೆ ಈಚೀಚೆಗೆ ಒಂದು ಮಾತು ತಪ್ಪದೆ ಬರುತ್ತಿದೆ: ಕ್ರಿಕೆಟ್ ಆಟವನ್ನು ಊರಾಚೆಗೆ ಒಯ್ಯುತ್ತಾರಂತಲ್ಲ, ಅಷ್ಟು ದೂರ ಹೋಗಿ ನೋಡುವವರು ಯಾರು? 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಾಗಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡ ದುರಂತವನ್ನು ಓದುಗರು ಮರೆತಿರಲಾರರು. ಅದಾದ ಮೇಲೆ ಕರ್ನಾಟಕ ಸರ್ಕಾರವು ಬೊಮ್ಮಸಂದ್ರದ ಆಚೆ, ಸೂರ್ಯನಗರದಲ್ಲಿ, 80,000 ಜನ ಕೂರುವಂಥ ಕ್ರೀಡಾಂಗಣವೊಂದನ್ನು ಕಟ್ಟಿಸುವ ಯೋಜನೆಯನ್ನು ಮುಂದಿಟ್ಟಿತು. ಊರ ನಡುವಿನಿಂದ ಅಲ್ಲಿಗೆ ಇಪ್ಪತ್ತು ಕಿಲೋಮೀಟರಿಗೂ ಮೀರಿದ ದಾರಿ. ದೂರವಾದರೆ ಜನ ಬರುವುದಿಲ್ಲವೆಂದು ಒಂದು ಪಕ್ಷ. ಆಟ ಚೆನ್ನಾಗಿದ್ದರೆ ಎಲ್ಲಿಗಾದರೂ ಬರುತ್ತಾರೆಂದು ಇನ್ನೊಂದು ಪಕ್ಷ.

ಈ ವ್ಯಾಜ್ಯದಲ್ಲಿ ನಾಗಪುರದ ಕನ್ನಡಿಗರಾದ ನಾವು ಸಾಕ್ಷಿ ನುಡಿಯಬಲ್ಲೆವು. ಬೆಂಗಳೂರಿನಲ್ಲಿ ಆಗಬಹುದಾದದ್ದು ನಮ್ಮೂರಿನಲ್ಲಿ 2008ರಲ್ಲೇ ಆಗಿಹೋಗಿದೆ.

ಈಚೆಗೆ ವರ್ಗವಾಗಿ ಬಂದ ಕುಟುಂಬಗಳಿಗಾಗಿ ಹಳೆಯ ಸಂಗತಿಯನ್ನು ಸ್ವಲ್ಪ ಹೇಳಬೇಕು. ವಿದರ್ಭ ಕ್ರಿಕೆಟ್ ಸಂಸ್ಥೆಯ ಹಳೆಯ ಬಯಲು ಇರುವುದು ಸಿವಿಲ್ ಲೈನ್ಸಿನಲ್ಲಿ, ಸದರ್ ಬಜಾರಿನ ಮಗ್ಗುಲಿಗೆ. 1969ರ ಅಕ್ಟೋಬರಿನಲ್ಲಿ ನಾಗಪುರ ಕಂಡ ಮೊದಲ ಟೆಸ್ಟ್ ಪಂದ್ಯ ಇಲ್ಲಿಯದು; ನ್ಯೂಜಿಲೆಂಡ್ ತಂಡ 167 ರನ್ನುಗಳಿಂದ ನಮ್ಮವರನ್ನು ಸೋಲಿಸಿ ಹೋಯಿತು. 1987ರ ವಿಶ್ವಕಪ್ಪಿನಲ್ಲಿ ಅದೇ ನ್ಯೂಜಿಲೆಂಡಿನ ಮೇಲೆ ಸುನಿಲ್ ಗಾವಸ್ಕರ್ ಒಂದು ದಿನದ ಪಂದ್ಯಗಳಲ್ಲಿನ ತಮ್ಮ ಏಕಮಾತ್ರ ಶತಕವನ್ನು ಹೊಡೆದದ್ದೂ, ಚೇತನ್ ಶರ್ಮ ಸಾಲಾಗಿ ಮೂವರನ್ನು ಬೌಲ್ಡ್ ಮಾಡಿ ವಿಶ್ವಕಪ್ಪಿನ ಮೊದಲ ಹ್ಯಾಟ್ರಿಕ್ ಪಡೆದದ್ದೂ ಇಲ್ಲಿಯೇ, ಒಂದೇ ದಿನ. 2004ರಲ್ಲಿ ನಮ್ಮ ರಾಹುಲ್ ದ್ರಾವಿಡ್ ಇಲ್ಲಿ ಆಸ್ಟ್ರೇಲಿಯದೆದುರು ನಾಯಕತ್ವ ವಹಿಸಿದ್ದರು. ಆ ಪಂದ್ಯದ ಫಲಿತಾಂಶವನ್ನು ಇಲ್ಲಿ ನೆನೆಯದಿರುವುದೇ ಲೇಸು.

ಆ ಬಯಲಿನ ಸುತ್ತ ಹೈಕೋರ್ಟು, ವಿಧಾನಭವನ, ಆಕಾಶವಾಣಿ, ರಿಸರ್ವ್ ಬ್ಯಾಂಕು, ಅಕೌಂಟೆಂಟ್ ಜನರಲ್ ಕಚೇರಿ. ಗುಮಾಸ್ತರೂ ವಕೀಲರೂ ವಿದ್ಯಾರ್ಥಿಗಳೂ ದಿನವೂ ಓಡಾಡುವ ಹಾದಿ ಅದು. ಐದು ದಿನದ ಟೆಸ್ಟ್ ಪಂದ್ಯವನ್ನು ಬೆಳಗಿನಿಂದ ಸಂಜೆಯ ತನಕ ಐದೂ ದಿನ ಕುಳಿತು ನೋಡುವಷ್ಟು ಬಿಡುವು ಯಾವ ಸಂಸಾರಸ್ಥನಿಗಿದೆ? ಜನ ಬರುತ್ತಿದ್ದದ್ದು ಬಿಡಿಬಿಡಿಯಾಗಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಂದು ಗಳಿಗೆ, ಕಚೇರಿ ಬಿಟ್ಟ ಮೇಲೆ ಚಹದ ನಂತರದ ಒಂದು ಗಂಟೆ, ಶಾಲೆಯಿಂದ ನೇರವಾಗಿ ಸೈಕಲ್ ತಿರುಗಿಸಿದ ಹುಡುಗರು. ಇಂಥವರನ್ನು ನಾವು ಹಾದಿಹೋಕ ಪ್ರೇಕ್ಷಕರೆಂದು ಕರೆಯುತ್ತೇವೆ. ಆಟ ಅವರ ಹಾದಿಯಲ್ಲಿತ್ತು, ಅವರು ಒಳಗೆ ಬಂದರು, ಅಷ್ಟೆ. ನಾಗಪುರದಲ್ಲಿ ಟೆಸ್ಟ್ ಪಂದ್ಯಗಳು ಹೆಚ್ಚಾಗಿ ನಡೆಯುವುದು ಚಳಿಗಾಲದಲ್ಲಿ, ಕಿತ್ತಳೆ ಮಾರುಕಟ್ಟೆಗೆ ಬರುವ ಕಾಲದಲ್ಲಿ. ಎಳೆಬಿಸಿಲು, ಮಡಿಲಲ್ಲಿ ಕಿತ್ತಳೆ, ಕಣ್ಣೆದುರು ಬಿಳಿಯ ಉಡುಪಿನ ಆಟಗಾರರು: ಇದಕ್ಕಿಂತ ಅಗ್ಗದ ಸುಖ ಈ ಊರಿನಲ್ಲಿ ಇನ್ನೊಂದಿರಲಿಲ್ಲ.

2008ರಲ್ಲಿ ಪಂದ್ಯಗಳು ಜಾಮಠಾಕ್ಕೆ ಹೋದವು. ವರ್ಧಾ ರಸ್ತೆಯಲ್ಲಿ ವಿಮಾನ ನಿಲ್ದಾಣವನ್ನು ದಾಟಿ, ಖಾಪರಿಯನ್ನು ದಾಟಿ, ಊರು ಮುಗಿದ ಮೇಲೂ ಮುಂದಕ್ಕೆ ಹೋಗಬೇಕು. ಸೀತಾಬರ್ಡಿಯಿಂದ ಹದಿನೈದು ಕಿಲೋಮೀಟರಿಗೂ ಮಿಗಿಲು. ಕಟ್ಟಡ ಭವ್ಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. 45,000 ಆಸನಗಳು, ಎಲ್ಲಿ ಕುಳಿತರೂ ಚೆಂಡು ಕಾಣುತ್ತದೆ, ಹಳೆಯ ಬಯಲಿನಲ್ಲಿ ಕಂಬದ ಹಿಂದೆ ಕತ್ತು ಚಾಚಿದವರಿಗೆ ಇದರ ಬೆಲೆ ಗೊತ್ತು. ಆ ವರ್ಷದ ನವೆಂಬರಿನಲ್ಲಿ ಆಸ್ಟ್ರೇಲಿಯದೊಡನೆ ಮೊದಲ ಟೆಸ್ಟ್. ಸೌರವ್ ಗಂಗೂಲಿಯವರ ಕೊನೆಯ ಟೆಸ್ಟ್, ಲಕ್ಷ್ಮಣರ ನೂರನೆಯ ಟೆಸ್ಟ್, ತೆಂಡೂಲ್ಕರರ ಶತಕ, ಕೊನೆಗೆ ಸರಣಿಯ ಗೆಲುವು. ಹಿಂದಿನ ಪಂದ್ಯದಲ್ಲಿ ನಿವೃತ್ತರಾದ ನಮ್ಮ ಅನಿಲ್ ಕುಂಬ್ಳೆಯವರನ್ನು ಧೋನಿ ಪಕ್ಕಕ್ಕೆ ಕರೆದು ಇಬ್ಬರೂ ಕೂಡಿ ಟ್ರೋಫಿ ಹಿಡಿದದ್ದು ಅಲ್ಲಿಯೇ. ಇಷ್ಟೆಲ್ಲ ಒಂದೇ ಪಂದ್ಯದಲ್ಲಿ ಕೂಡಿ ಬಂದಿತ್ತು; ನೋಡಲು ಮಾತ್ರ ಜನ ಬರಲಿಲ್ಲ. ಸಾಲು ಸಾಲು ಕುರ್ಚಿಗಳು ಬಿಸಿಲು ಕಾಯುತ್ತಿದ್ದವು.

ದೂರದ ವಾದಿಗಳು ಇಲ್ಲಿಗೆ ಕಥೆ ಮುಗಿಯಿತೆಂದು ಎದ್ದು ಬಿಡಬಾರದು. ಅದೇ ಜಾಮಠಾದಲ್ಲಿ 2011ರ ಮಾರ್ಚ್ 12ರಂದು ವಿಶ್ವಕಪ್ಪಿನಲ್ಲಿ ಭಾರತ-ದಕ್ಷಿಣ ಆಫ್ರಿಕ ಎದುರಾದಾಗ ಕಾಲಿಡಲು ಜಾಗವಿರಲಿಲ್ಲ. ಒಂದು ವಿಕೆಟಿಗೆ 267 ಇದ್ದ ನಮ್ಮವರು 296ಕ್ಕೆಲ್ಲ ಮುಗಿದು ಪಂದ್ಯವನ್ನೇ ಸೋತರು. ಆ ರಾತ್ರಿ ವರ್ಧಾ ರಸ್ತೆಯ ಮೌನ ನೆನಪಿದ್ದವರಿಗೆ ನೆನಪಿದೆ. 2022ರ ಸೆಪ್ಟೆಂಬರ್ 23ರ ಕಥೆ ಇನ್ನೂ ವಿಚಿತ್ರ. ಮಳೆಯಿಂದ ಬಯಲು ಒದ್ದೆಯಾಗಿ, ಆಸ್ಟ್ರೇಲಿಯದೊಡನೆ ಟಿ-ಟ್ವೆಂಟಿ ಪಂದ್ಯ ಗಂಟೆಗಟ್ಟಲೆ ತಡವಾಗಿ, ಕಡೆಗೆ ಎಂಟೆಂಟೇ ಓವರುಗಳಿಗೆ ಇಳಿಯಿತು. ತುಂಬಿದ ಅಂಗಣ ಅಲುಗಾಡದೆ ಕಾದು ಕುಳಿತಿತ್ತು. ಗಂಟೆಗಟ್ಟಲೆ ಕಾದದ್ದಕ್ಕೆ ದೊರೆತದ್ದು ಎರಡೂ ಕಡೆ ಸೇರಿ ಹದಿನಾರು ಓವರಿಗೂ ಕಡಮೆ ಆಟ!

ಹಾಗಾದರೆ ದೂರ ಜನರನ್ನು ತಡೆಯುತ್ತದೆಯೋ ಇಲ್ಲವೋ? ನಮಗೆ ಕಂಡಂತೆ, ದೊಡ್ಡ ಆಟವನ್ನು ದೂರ ಏನೂ ಮಾಡಲಾರದು. ಸಣ್ಣ ಆಟವನ್ನು ಕೊಲ್ಲುತ್ತದೆ. ವರ್ಷಕ್ಕೊಮ್ಮೆ ಬರುವ ಪಂದ್ಯಕ್ಕೆ ಮನುಷ್ಯ ಜಾತ್ರೆಗೆ ಹೊರಟಂತೆ ಹೊರಡುತ್ತಾನೆ, ಇಡೀ ದಿನವನ್ನು ಅದಕ್ಕೆ ಕೊಡುತ್ತಾನೆ. ಆದರೆ ಬುಧವಾರದ ಟೆಸ್ಟ್, ಗುರುವಾರದ ರಣಜಿ, ಇವುಗಳನ್ನು ಬದುಕಿಸುವವನು ಹಾದಿಹೋಕ. ಎರಡು ಗಂಟೆಯ ಆಟಕ್ಕಾಗಿ ಎರಡು ಗಂಟೆಯ ಪಯಣವನ್ನು ಅವನು ಮಾಡಲಾರ. 2023ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದೊಡನೆ ಟೆಸ್ಟ್ ಗುರುವಾರ ಆರಂಭವಾಯಿತು. ವಾರದ ದಿನಗಳಲ್ಲಿ ಅಷ್ಟು ದೂರ ಆಗದೆಂದು ಭಾನುವಾರವನ್ನೇ ನಂಬಿ ಕುಳಿತ ಸಂಸಾರಗಳೆಷ್ಟೋ. ಅಶ್ವಿನ್-ಜಡೇಜ ಜೋಡಿ ಶನಿವಾರವೇ ಲೆಕ್ಕ ಮುಗಿಸಿಬಿಟ್ಟಿತು.

ಕನ್ನಡಿಗರ ಮನಸ್ಸಿಗೆ ಹೆಚ್ಚು ಹತ್ತಿರವಾದ ನಿದರ್ಶನ ರಣಜಿಯದು. 2024ರ ಫೆಬ್ರವರಿ 23ರಿಂದ ಕ್ವಾರ್ಟರ್ ಫೈನಲ್ ಪಂದ್ಯವಾಡಲು ಕರ್ನಾಟಕದ ತಂಡ ನಮ್ಮೂರಿಗೇ ಬಂದಿತು. ಅದೂ ಸಿವಿಲ್ ಲೈನ್ಸಿನ ಹಳೆಯ ಬಯಲಿಗೆ. ಅತ್ತ ಮಯಾಂಕ್ ಅಗರ್ವಾಲ್ ನಾಯಕರಾಗಿದ್ದ ಕರ್ನಾಟಕ. ಇತ್ತ ವಿದರ್ಭದ ಪರವಾಗಿ, ಬೆಂಗಳೂರಿನಲ್ಲಿ ಬೆಳೆದು ಕರ್ನಾಟಕಕ್ಕೆ ವರ್ಷಗಟ್ಟಲೆ ಆಡಿ, ಟೆಸ್ಟಿನಲ್ಲಿ ಮುನ್ನೂರು ಹೊಡೆದ ಕರುಣ್ ನಾಯರ್. ಹುಟ್ಟಿದ ಮನೆಯ ಕಡೆ ನಿಲ್ಲಬೇಕೆ, ಸೇರಿದ ಮನೆಯ ಕಡೆ ನಿಲ್ಲಬೇಕೆ ಎಂಬ ಧರ್ಮಸಂಕಟ ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಆ ದಿನಗಳಲ್ಲಿ ಗಂಡಸರಿಗೂ ಸ್ವಲ್ಪ ಗೊತ್ತಾಯಿತು. ಕರುಣ್ 90 ಹೊಡೆದರು, ಕರ್ನಾಟಕ 127 ರನ್ನುಗಳಿಂದ ಸೋತಿತು. ಆದರೆ ನಮ್ಮವರು ಹೋಗಿದ್ದರು! ಶನಿವಾರ-ಭಾನುವಾರ ಮಕ್ಕಳನ್ನು ಕರೆದುಕೊಂಡು, ಆಟೋ ಹಿಡಿದು, ಬೇಕೆಂದಾಗ ಹೋಗಿ ಬೇಸರವಾದಾಗ ಎದ್ದು ಬಂದರು. ಬೇಲಿಯ ಬಳಿ ನಿಂತ ಆಟಗಾರನಿಗೆ ಕನ್ನಡದಲ್ಲಿ ಕೂಗಿ ಹೇಳಿದರೆ ಅವನು ತಿರುಗಿ ನೋಡುವಷ್ಟು ಸಮೀಪ.

ಮರುವರ್ಷ ವಿದರ್ಭ ಫೈನಲ್ ತಲುಪಿತು. 2025ರ ಫೆಬ್ರವರಿ 26, ಮಹಾಶಿವರಾತ್ರಿಯ ದಿನ, ಮೊದಲ ಸಲ ಫೈನಲಿಗೆ ಬಂದ ಕೇರಳದೊಡನೆ, ಜಾಮಠಾದಲ್ಲಿ. ಕರುಣ್ ನಾಯರ್ ಮೊದಲ ಇನ್ನಿಂಗ್ಸಿನಲ್ಲಿ 86, ಎರಡನೆಯದರಲ್ಲಿ 135. ಮೊದಲ ಇನ್ನಿಂಗ್ಸಿನ 37 ರನ್ನುಗಳ ಮುನ್ನಡೆಯಿಂದ ವಿದರ್ಭಕ್ಕೆ ಮೂರನೆಯ ಬಾರಿ ಟ್ರೋಫಿ. 2017-18ರಲ್ಲಿ ಮೊದಲ ಸಲ ಗೆದ್ದ ತಂಡದಲ್ಲಿ ದಾವಣಗೆರೆಯ ಗಣೇಶ್ ಸತೀಶ್ ಇದ್ದರು. ಈ ಸಲ ಕರುಣ್. ನಮ್ಮ ಅಭಿಮಾನಕ್ಕೆ ಇದಕ್ಕಿಂತ ಇನ್ನೇನು ಬೇಕು? ಆದರೂ ನಾವು ಜಾಮಠಾಕ್ಕೆ ಹೋದ ದಿನ ಕೂರಲು ಜಾಗ ಹುಡುಕುವ ತೊಂದರೆಯೇನೂ ಇರಲಿಲ್ಲ. ಪರಿಚಿತರಲ್ಲಿ ವಿಚಾರಿಸಿದರೆ ಎಲ್ಲರದೂ ಒಂದೇ ಉತ್ತರ: ಹೋಗಬೇಕೆಂದಿತ್ತು, ಅಷ್ಟು ದೂರವೆಂದು ಫೋನಿನಲ್ಲೇ ನೋಡಿದೆವು.

ದೂರವೆಂದರೆ ಕಿಲೋಮೀಟರಿನ ಲೆಕ್ಕ ಮಾತ್ರವೂ ಅಲ್ಲ. ಹೋಗುವಾಗ ಜನ ಒಬ್ಬೊಬ್ಬರಾಗಿ ಹೋಗುತ್ತಾರೆ, ಬರುವಾಗ ಎಲ್ಲರೂ ಒಟ್ಟಿಗೆ ಬರುತ್ತಾರೆ. ನಲವತ್ತು ಸಾವಿರ ಮಂದಿ ರಾತ್ರಿ ಹನ್ನೊಂದರ ಹೊತ್ತಿಗೆ ಒಂದೇ ಹೆದ್ದಾರಿಗೆ ಇಳಿದಾಗ ಗಾಡಿಯಿದ್ದವನೂ ಇಲ್ಲದವನೂ ಸಮಾನ ದುಃಖಿಗಳು. ವಯಸ್ಸಾದ ತಂದೆಯನ್ನೋ ಎಂಟು ವರ್ಷದ ಮಗಳನ್ನೋ ಕರೆದೊಯ್ಯುವವರು ಯೋಚಿಸುವುದು ಆಟದ ಬಗ್ಗೆಯಲ್ಲ, ಆ ಒಂದು ಗಂಟೆಯ ಬಗ್ಗೆ. ಹೀಗೆ ಯೋಚಿಸಿ ಮೊದಲು ಮನೆಯಲ್ಲಿ ಉಳಿಯುವವರು ಹೆಂಗಸರು, ಮುದುಕರು, ಮಕ್ಕಳು. ಉಳಿದ ತರುಣರು ಮೋಟಾರ್ ಸೈಕಲ್ ಏರಿ ಹೋಗುತ್ತಾರೆ, ಆಸನಗಳ ಲೆಕ್ಕವೂ ತುಂಬುತ್ತದೆ. ಯಾರು ಬರಲಿಲ್ಲ ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲ.

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ನಮ್ಮ ಕ್ರಿಕೆಟಿನಷ್ಟೇ ದೊಡ್ಡ ಉತ್ಸವ. ಅಲ್ಲಿಯೂ ಇದೇ ಚರ್ಚೆಯುಂಟು. ಮಿನೆಸೋಟ ವಿಶ್ವವಿದ್ಯಾಲಯದ ತಂಡವು 1982ರಲ್ಲಿ ತನ್ನ ಆವರಣದ ಕ್ರೀಡಾಂಗಣವನ್ನು ಬಿಟ್ಟು ಪೇಟೆಯ ಮಧ್ಯದ ದೊಡ್ಡ ಮುಚ್ಚಿದ ಅಂಗಣಕ್ಕೆ ಹೋಯಿತು. 2009ರಲ್ಲಿ ಸುಮಾರು ಐವತ್ತು ಸಾವಿರ ಆಸನಗಳ ಹೊಸ ಕ್ರೀಡಾಂಗಣವನ್ನು ಆವರಣದೊಳಗೇ ಕಟ್ಟಿಕೊಂಡು ಮನೆಗೆ ಮರಳಿತು. ಮೊದಲ ವರ್ಷ ಅಂಗಣ ತುಂಬಿತು. ಮರುವರ್ಷ ತಂಡ ಸೋಲುತ್ತ ಹೋದಂತೆ ಸಂಖ್ಯೆ ಸ್ವಲ್ಪ ಇಳಿಯಿತು. ಸಾಮೀಪ್ಯವೊಂದೇ ಸೋಲುವ ತಂಡವನ್ನು ಕಾಪಾಡಲಾರದೆಂದು ಇದರಿಂದ ಹೇಳಬಹುದು. ನಮ್ಮಲ್ಲಿಯೂ ಪುಣೆಯವರು ಸ್ವಾರಗೇಟಿನ ನೆಹರು ಕ್ರೀಡಾಂಗಣದಿಂದ ಎಕ್ಸ್‌ಪ್ರೆಸ್ ಹೆದ್ದಾರಿಯ ಬದಿಯ ಗಹುಂಜೆಗೆ, ಹೈದರಾಬಾದಿನವರು ಫತೇ ಮೈದಾನದಿಂದ ಉಪ್ಪಲಿಗೆ ಹೋದವರೇ. ಉಪ್ಪಲಿಗೆ 2017ರಲ್ಲಿ ಮೆಟ್ರೋ ಬಂದು, ಸ್ಟೇಡಿಯಂ ಎಂಬ ಹೆಸರಿನ ನಿಲ್ದಾಣವೇ ಆಯಿತು. ದೂರದ ಮುಳ್ಳು ಅಲ್ಲಿಗೆ ಅರ್ಧ ಮುರಿಯಿತು.

ಇಷ್ಟು ಹೇಳಿದ ಮೇಲೆ ಊರೊಳಗಿನ ಬಯಲಿನ ಅಪಾಯವನ್ನು ಮುಚ್ಚಿಡುವುದು ನ್ಯಾಯವಲ್ಲ. 1995ರ ನವೆಂಬರಿನಲ್ಲಿ ಭಾರತ-ನ್ಯೂಜಿಲೆಂಡ್ ಪಂದ್ಯದ ವೇಳೆ ನಮ್ಮ ಸಿವಿಲ್ ಲೈನ್ಸಿನಲ್ಲೇ ಪ್ರೇಕ್ಷಕರ ಅಂಕಣದ ಗೋಡೆ ಕುಸಿದು ಆಟ ನೋಡಲು ಬಂದವರು ಹೆಣವಾಗಿ ಮನೆಗೆ ಹೋದರು. ಬೆಂಗಳೂರಿನ ದುರಂತ ಪಂದ್ಯದ ದಿನದ್ದೂ ಅಲ್ಲ, ವಿಜಯೋತ್ಸವದ್ದು. ಸುಮಾರು ಮೂವತ್ತೈದು ಸಾವಿರ ಜನ ಹಿಡಿಸುವ ಅಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಸೇರಿದ್ದೇಕೆ? ಕಬ್ಬನ್ ಪಾರ್ಕಿನ ಮೆಟ್ರೋ ಬಾಗಿಲಲ್ಲೇ ಇತ್ತು, ಎಲ್ಲ ದಾರಿಗಳೂ ಅಲ್ಲಿಗೇ ಬರುತ್ತಿದ್ದವು. ಹಾದಿಹೋಕನನ್ನು ಒಳಗೆ ತರುವ ಅದೇ ಸಾಮೀಪ್ಯ ದೊಡ್ಡ ದಿನ ಊರನ್ನೇ ಬಾಗಿಲಿಗೆ ತಂದು ನಿಲ್ಲಿಸಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೇಲ್ ಡಿಕುನ್ಹ ಅವರ ಆಯೋಗವು ಆ ಕ್ರೀಡಾಂಗಣ ಭಾರಿ ಜನಸಂದಣಿಗೆ ತಕ್ಕುದಲ್ಲವೆಂದು ವರದಿ ಕೊಟ್ಟಿತು. ಆ ವರ್ಷದ ಮಹಿಳೆಯರ ವಿಶ್ವಕಪ್ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬಯಿಗೆ ಹೋದವು.

ಆದುದರಿಂದ ಬೆಂಗಳೂರಿನ ನೆಂಟರಿಗೆ ನಾವು ಹೇಳುವುದು ಇಷ್ಟು. ದೊಡ್ಡ ಪಂದ್ಯಗಳು ಬೇಕಾದರೆ ಸೂರ್ಯನಗರಕ್ಕೆ ಹೋಗಲಿ. ಜನ ಬಂದೇ ಬರುತ್ತಾರೆ, ಜಾಮಠಾಕ್ಕೆ ಬಂದಿಲ್ಲವೆ? ಆದರೆ ಹೊಸದನ್ನು ಕಟ್ಟುವ ಸಡಗರದಲ್ಲಿ ಹಳೆಯ ಬಯಲಿನಿಂದ ರಣಜಿಯನ್ನೂ, ಹುಡುಗಿಯರ, ಶಾಲಾ ಬಾಲಕರ ಪಂದ್ಯಗಳನ್ನೂ ಎತ್ತಿಕೊಂಡು ಹೋಗಬೇಡಿ. ನಾಗಪುರದವರು ಸಿವಿಲ್ ಲೈನ್ಸನ್ನು ಮಾರದೆ ಮುಚ್ಚದೆ ಉಳಿಸಿಕೊಂಡದ್ದು ಜಾಣತನ. ಮಹಾರಾಜಬಾಗಿಗೋ ಫುಟಾಳಾ ಕೆರೆಗೋ ಹೊರಟ ಮಗು ಹಾದಿಯಲ್ಲಿ ರಣಜಿ ಆಟಗಾರನನ್ನು ಕಾಣುವ ಊರು ಇಂದು ಭಾರತದಲ್ಲಿ ಹೆಚ್ಚಿಲ್ಲ.

ಇನ್ನು ದಾರಿಯ ಮಾತು. ಬೊಮ್ಮಸಂದ್ರದವರೆಗೆ ಬೆಂಗಳೂರಿನ ಹಳದಿ ಮೆಟ್ರೋ 2025ರ ಆಗಸ್ಟಿನಲ್ಲಿ ಓಡತೊಡಗಿತು. ಅಲ್ಲಿಂದ ಸೂರ್ಯನಗರಕ್ಕೆ ಉಳಿಯುವ ತುಂಡು ದಾರಿ ಚಿಕ್ಕದೆಂದು ಉಪೇಕ್ಷಿಸಬಾರದು. ನಮ್ಮ ಮೆಟ್ರೋ 2019ರಲ್ಲಿ ಖಾಪರಿಗೆ ಬಂದು ನಿಂತಿತು. ಜಾಮಠಾಕ್ಕೆ ಉಳಿದದ್ದು ಕೆಲವೇ ಕಿಲೋಮೀಟರು, ಆದರೆ ರಾತ್ರಿ ಪಂದ್ಯ ಬಿಟ್ಟ ಮೇಲೆ ಸೊಂಟದ ಮೇಲೆ ಮಗುವನ್ನು ಎತ್ತಿಕೊಂಡ ತಾಯಿಗೆ ಆ ಕೆಲವೇ ಕಿಲೋಮೀಟರು ಸಾಗರದಷ್ಟು. ಬುಟಿಬೋರಿಯ ಕಡೆಗೆ ಮಾರ್ಗವನ್ನು ಮುಂದುವರಿಸಲು 2022ರ ಡಿಸೆಂಬರಿನಲ್ಲಿ ಕೇಂದ್ರದ ಒಪ್ಪಿಗೆ ದೊರೆಯಿತು. ಹೊಸ ಕ್ರೀಡಾಂಗಣದ ನಕ್ಷೆ ತೋರಿಸುವವರನ್ನು ಬೆಂಗಳೂರಿನವರು ಮೊದಲು ಕೇಳಬೇಕಾದದ್ದು ಆಸನಗಳೆಷ್ಟು ಎಂದಲ್ಲ. ಪಂದ್ಯ ಮುಗಿದ ಮೇಲೆ ಕೊನೆಯ ಗಾಡಿ ಎಷ್ಟು ಗಂಟೆಗೆ, ಅದು ಬಾಗಿಲಿನಿಂದ ಎಷ್ಟು ಹೆಜ್ಜೆ ಎಂದು.

ನಮ್ಮ ಸದಸ್ಯರಿಗೆ ಬೇರೊಂದು ವಿನಂತಿ. ರಣಜಿ ಪಂದ್ಯಗಳು ಸಿವಿಲ್ ಲೈನ್ಸಿನಲ್ಲಿ ನಡೆಯುವಾಗ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಆಟ ಆರಂಭವಾಗುತ್ತದೆ. ಸಾಮಾನ್ಯವಾಗಿ ಟಿಕೇಟಿನ ಗೊಡವೆಯಿರುವುದಿಲ್ಲ. ಕರುಣ್ ನಾಯರ್ 2025-26ರ ಹಂಗಾಮಿಗೆ ಕರ್ನಾಟಕಕ್ಕೆ ಮರಳಿದರು. ಇನ್ನೊಮ್ಮೆ ಕರ್ನಾಟಕ ಇಲ್ಲಿಗೆ ಆಡಲು ಬಂದರೆ ಯಾರ ಕಡೆ ಕೂಗಬೇಕೆಂಬ ಸಂಕಟವೂ ಇರಲಾರದು. ಒಂದು ಡಬ್ಬಿ ಒಗ್ಗರಣೆ ಅವಲಕ್ಕಿ, ಆರು ಕಿತ್ತಳೆ, ಮಕ್ಕಳಿಗೊಂದೊಂದು ಟೋಪಿ ತೆಗೆದುಕೊಂಡು ಬನ್ನಿ.