ಶಿಲ್ಲೋನ್ ಕೋಟೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇಂಗ್ಲಿಷ್ ಕಾವ್ಯವನ್ನು ಅಭ್ಯಾಸಮಾಡಿದವರು ಬೈರನ್ ಕವಿಯು ಬರೆದ ‘ಶಿಲ್ಲೋನಿನ ಸೆರೆಯಾಳು’ ಎಂಬ ಕಾವ್ಯದ ಹೆಸರನ್ನಾದರೂ ಕೇಳಿರಬಹುದು. ಆ ಸೆರೆಮನೆಯು ಕವಿಯ ಕಲ್ಪನೆಯಲ್ಲ. ಸ್ವಿಟ್ಜರ್ಲೆಂಡ್ ದೇಶದ ವೋ ಪ್ರಾಂತದಲ್ಲಿ, ಜಿನೀವಾ ಸರೋವರದ ಪೂರ್ವದ ತುದಿಯಲ್ಲಿ, ಮೋಂತ್ರೋ ಪಟ್ಟಣದ ಸಮೀಪವಾಗಿ, ನೀರಿನಿಂದೆದ್ದ ಬಂಡೆಯೊಂದರ ಮೇಲೆ ಅದು ಇಂದಿಗೂ ನಿಂತಿರುತ್ತದೆ.

ಪೂರ್ವಿಕರು ಈ ಸ್ಥಳವನ್ನು ಆರಿಸಿದುದು ಅದರ ಚೆಲುವಿಗಾಗಿ ಅಲ್ಲ, ದಾರಿಗಾಗಿ. ಇಲ್ಲಿ ಪರ್ವತವು ಸರೋವರದ ಅಂಚಿನ ವರೆಗೂ ಇಳಿದು ಬಂದಿರುವುದರಿಂದ ನಡುವೆ ಇಕ್ಕಟ್ಟಾದ ಹಾದಿ ಮಾತ್ರ ಉಳಿದಿದೆ. ಇಟಲಿಯಿಂದ ಮಹಾ ಸೇಂಟ್ ಬರ್ನಾರ್ಡ್ ಘಟ್ಟವನ್ನು ದಾಟಿ ಈ ಕಡೆಯಿಂದ ಉತ್ತರಕ್ಕೆ ಹೋಗುವ ವರ್ತಕರೂ ಯಾತ್ರಿಕರೂ ಸೈನಿಕರೂ ಈ ಹಾದಿಯನ್ನೇ ಹಿಡಿಯಬೇಕಾಗಿತ್ತು. ಆದುದರಿಂದ ಬಂಡೆಯ ಒಡೆಯನೇ ಹಾದಿಗೂ ಅದರ ಸುಂಕಕ್ಕೂ ಒಡೆಯನಾದನು. ೧೧೫೦ರ ಒಂದು ಪತ್ರದಲ್ಲಿ ಈ ಕೋಟೆಯ ಉಲ್ಲೇಖವುಂಟು. ಆಗಲೇ ಅದು ಸವಾಯ್ ವಂಶದ ಪ್ರಭುಗಳ ಕೈಯಲ್ಲಿತ್ತು. ೧೩ನೆಯ ಶತಮಾನದಲ್ಲಿ ಆ ವಂಶದ ಎರಡನೆಯ ಪೀಟರನು ತನ್ನ ಶಿಲ್ಪಿಯಾದ ಪಿಯೇರ್ ಮೇನಿಯೇ ಎಂಬವನಿಂದ ಅದನ್ನು ವಿಸ್ತರಿಸಿ ಬಲಪಡಿಸಿದನು. ಲಂಡನ್ ನಗರದ ಸವಾಯ್ ಎಂಬ ಭಾಗಕ್ಕೆ ಹೆಸರು ಬಂದದ್ದು ಇದೇ ಪೀಟರನ ಅರಮನೆಯಿಂದ.

ಈ ಕೋಟೆಗೆ ಎರಡು ಮುಖಗಳಿವೆ. ದಡಕ್ಕೂ ಬಂಡೆಗೂ ನಡುವಣ ನೀರೇ ಸ್ವಾಭಾವಿಕವಾದ ಕಂದಕ. ದಾರಿಯ ಕಡೆಯಿಂದ ನೋಡುವವನಿಗೆ ಅರೆವೃತ್ತಾಕಾರದ ಬುರುಜುಗಳೂ, ಬಾಣಬಿಡುವ ಕಿರಿದಾದ ಸೀಳುಗಂಡಿಗಳೂ, ಗೋಡೆಯ ಬುಡಕ್ಕೆ ಬಂದ ವೈರಿಯ ಮೇಲೆ ಕಲ್ಲುಗಳನ್ನು ಕೆಡಹುವುದಕ್ಕೆ ಹೊರಚಾಚಿದ ಜಗಲಿಗಳೂ ಕಾಣುತ್ತವೆ. ಸರೋವರದ ಕಡೆಗಾದರೋ ಸುಂದರವಾದ ಜೋಡಿ ಕಿಟಿಕಿಗಳು! ಅಲ್ಲಿ ಆಳವಾದ ನೀರೇ ಕಾವಲಾಗಿದ್ದುದರಿಂದ ಪ್ರಭುಗಳು ನಿರ್ಭಯವಾಗಿ ವಾಸಿಸುತ್ತಿದ್ದರು. ಕಟ್ಟಿದವರು ಯಾರಿಗೆ ಅಂಜಿದರು, ಯಾವುದನ್ನು ನಂಬಿದರು ಎಂಬುದನ್ನು ಗೋಡೆಗಳೇ ಹೇಳುತ್ತವೆ.

ಒಳಗೆ ಅಂಗಳಗಳ ಸುತ್ತಲೂ ಸುಮಾರು ೨೫ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಿವೆ. ಅವುಗಳ ನಡುವೆ ಎತ್ತರವಾದ ಮೂಲಗೋಪುರ. ಮರದ ಮಾಳಿಗೆಯ ವಿಶಾಲವಾದ ಸಭಾಮಂದಿರಗಳೂ, ೧೪ನೆಯ ಶತಮಾನದ ಭಿತ್ತಿಚಿತ್ರಗಳುಳ್ಳ ಪ್ರಭುವಿನ ಶಯನಗೃಹವೂ, ಚಿಕ್ಕದಾದ ಪ್ರಾರ್ಥನಾಮಂದಿರವೂ ನೋಡತಕ್ಕವು. ಆದರೆ ಎಲ್ಲಕ್ಕಿಂತ ಗಂಭೀರವಾದ ಶಿಲ್ಪವು ಇರುವುದು ನೆಲಮಾಳಿಗೆಯಲ್ಲಿ. ಕಲ್ಲಿನ ಕಂಬಗಳಿಂದ ಕಮಾನುಗಳು ತಾಳೆಗರಿಗಳಂತೆ ಹರಡಿ ಮೇಲ್ಛಾವಣಿಯನ್ನು ಹೊರುತ್ತವೆ. ಬಂಡೆಯ ಒಡಲೇ ಒಂದು ಪಕ್ಕದ ಗೋಡೆ. ಅರಿಯದವನು ಇದನ್ನು ದೇವಾಲಯವೆಂದೇ ಎಣಿಸುವನು. ಇದೇ ಉಗ್ರಾಣವಾಗಿಯೂ ಸೆರೆಮನೆಯಾಗಿಯೂ ಇದ್ದಿತು.

ಇಲ್ಲಿ ಸೆರೆಬಿದ್ದವರಲ್ಲಿ ಪ್ರಸಿದ್ಧನು ಫ್ರಾನ್ಸ್ವಾ ಬೋನಿವಾರ್. ಜಿನೀವಾ ಪಟ್ಟಣದ ಸ್ವಾತಂತ್ರ್ಯಕ್ಕಾಗಿ ಸವಾಯ್ ದೊರೆಯನ್ನು ಎದುರಿಸಿದ ಈ ಮಠಾಧಿಪತಿಯನ್ನು ೧೫೩೦ರಲ್ಲಿ ಹಿಡಿದು ತಂದರು. ಮೊದಲ ಎರಡು ವರುಷ ಅವನನ್ನು ಮರ್ಯಾದೆಯಿಂದ ನಡಿಸಿ, ಆ ಮೇಲೆ ನಾಲ್ಕು ವರುಷ ನೆಲಮಾಳಿಗೆಯಲ್ಲಿ ಇಟ್ಟರು. ತಾನು ನಡೆದು ನಡೆದು ಕಲ್ಲಿನಲ್ಲಿ ಜಾಡು ಬಿದ್ದಿತೆಂದು ಅವನೇ ಮುಂದೆ ಬರೆದಿರುತ್ತಾನೆ. ೧೫೩೬ರಲ್ಲಿ ಬರ್ನ್ ಪಟ್ಟಣದ ಸೇನೆಯು ಕೋಟೆಯನ್ನು ಹಿಡಿದು ಅವನನ್ನು ಬಿಡಿಸಿತು. ಅವನು ಜಿನೀವಾದ ಚರಿತ್ರೆಯನ್ನು ಬರೆದು ೧೫೭೦ರಲ್ಲಿ ತೀರಿಕೊಂಡನು. ೧೮೧೬ರಲ್ಲಿ ಬೈರನನು ಇಲ್ಲಿಗೆ ಬಂದು ಅವನ ಕುರಿತು ಕಾವ್ಯವನ್ನು ರಚಿಸಿದನು. ಸೆರೆಯಾಳಿನ ಕಣ್ಣೆದುರಿಗೆ ತಮ್ಮಂದಿರು ಸಾಯುವ ಕಥೆಯು ಕವಿಯದೇ. ಬೋನಿವಾರನ ಚರಿತ್ರೆಯನ್ನು ಆಗ ತಾನು ಸಾಕಷ್ಟು ಅರಿತಿರಲಿಲ್ಲವೆಂದು ಅವನೇ ಒಪ್ಪಿಕೊಂಡನು.

ಆದರೆ ಯಾವ ಪ್ರಸಿದ್ಧ ಕವಿಯೂ ಹಾಡದ ಬೇರೆ ಸೆರೆಯಾಳುಗಳೂ ಈ ಕೋಟೆಯಲ್ಲಿದ್ದರು. ೧೩೪೮ರಲ್ಲಿ ಮಹಾಮಾರಿಯು ಯೂರೋಪನ್ನು ಹಾಳುಮಾಡುತ್ತಿದ್ದಾಗ, ಯೆಹೂದ್ಯರು ಬಾವಿಗಳಿಗೆ ವಿಷವನ್ನು ಹಾಕಿದರೆಂಬ ಸುಳ್ಳು ಹಬ್ಬಿತು. ಆ ಸೆಪ್ಟೆಂಬರಿನಲ್ಲಿ ಸರೋವರದ ಆಸುಪಾಸಿನ ಯೆಹೂದ್ಯರನ್ನು ಶಿಲ್ಲೋನಿಗೆ ತಂದು, ಚಿತ್ರಹಿಂಸೆಯಿಂದ ತಪ್ಪೊಪ್ಪಿಗೆಯನ್ನು ಹೊರಡಿಸಿದರು. ಅವರಲ್ಲಿ ಬಲವಿನ್ಯಿ ಎಂಬ ಶಸ್ತ್ರವೈದ್ಯನೂ ಇದ್ದನು. ಕೋಟೆಯ ಅಧಿಕಾರಿಯು ಈ ಹೇಳಿಕೆಗಳ ಪ್ರತಿಯನ್ನು ಸ್ಟ್ರಾಸ್‌ಬುರ್ಗ್ ಪಟ್ಟಣಕ್ಕೆ ಕಳುಹಿಸಿದನು. ಯೆಹೂದ್ಯರೂ ಅದೇ ಮಾರಿಯಿಂದ ಸಾಯುತ್ತಿರುವರಲ್ಲಾ ಎಂದು ಪೋಪ್ ಆರನೆಯ ಕ್ಲೆಮೆಂಟನು ಆ ವರುಷವೇ ಎಚ್ಚರಿಸಿದ್ದರೂ ಜನರು ಕಿವಿಗೊಡಲಿಲ್ಲ. ೧೩೪೯ರ ಜನವರಿಯಲ್ಲಿ ಬಾಸೆಲಿನಲ್ಲಿಯೂ ಫೆಬ್ರುವರಿಯಲ್ಲಿ ಸ್ಟ್ರಾಸ್‌ಬುರ್ಗಿನಲ್ಲಿಯೂ ಯೆಹೂದ್ಯರನ್ನು ಸುಟ್ಟರು. ೧೮೩೪ರಲ್ಲಿ ಮಂಗಳೂರಿಗೆ ಬಂದ ಮಿಶನಿನ ಮೂಲಕ ನಮಗೆ ಪ್ರಿಯವಾದ ಬಾಸೆಲಿನ ಹೆಸರು ಇಲ್ಲಿಯೂ ಬರುವುದು ದುಃಖಕರವೇ ಸರಿ, ಆದರೂ ಮರೆಮಾಡತಕ್ಕದ್ದಲ್ಲ.

ಬರ್ನಿನ ಆಳಿಕೆಯು ೧೭೯೮ರಲ್ಲಿ ಮುಗಿದು, ೧೮೦೩ರಲ್ಲಿ ವೋ ಪ್ರಾಂತವು ಹುಟ್ಟಿದಾಗ ಕೋಟೆಯು ಅದರ ಸೊತ್ತಾಯಿತು. ೧೯ನೆಯ ಶತಮಾನದ ಕೊನೆಯಲ್ಲಿ ಪಂಡಿತರು ಜೀರ್ಣೋದ್ಧಾರಕ್ಕೆ ಕೈಹಚ್ಚಿದರು. ಈಗ ಲೋಕದ ಎಲ್ಲಾ ಕಡೆಗಳಿಂದಲೂ ಜನರು ಬಂದು, ಕಂಬದ ಮೇಲೆ ಕೆತ್ತಿರುವ ಬೈರನನ ಹೆಸರನ್ನು ಹುಡುಕುತ್ತಾರೆ. ನಮ್ಮ ಮಕ್ಕಳು ಆ ಕಾವ್ಯವನ್ನು ಓದುವಾಗ, ಹೆಸರು ಕೆತ್ತಿಸಿಕೊಳ್ಳದೆ ಹೋದ ಆ ವೈದ್ಯನನ್ನೂ ಅವನ ಸಂಗಡಿಗರನ್ನೂ ನೆನೆಯುವಂತೆ ತಾಯಂದಿರು ಒಂದು ಮಾತು ಹೇಳಿದರೆ ಒಳ್ಳೇದು.