‘ರೈತ ವರನೇ ಬೇಕು’ ಎಂದು ಅಳುವ ವಿದೇಶಿ ಹುಡುಗಿ: ಆ ವಿಡಿಯೋ ಎಲ್ಲಿಂದ ಬಂತು?

ನಲವತ್ತು ಸೆಕೆಂಡಿನ ವಿಡಿಯೋ. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಹಿಡಿದ ವಿದೇಶಿ ಹುಡುಗಿಯೊಬ್ಬಳು ಯಾರಿಗೋ ಕಾಯುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಕೆಳಗೆ ಕನ್ನಡದಲ್ಲಿ ಹೀಗೆ ಬರೆದಿದೆ: ‘ಅಮೆರಿಕದಲ್ಲಿ ಒಳ್ಳೆ ಹುಡುಗರಿಲ್ಲ. ಇವರಿಗೆ ಭಾರತದ ರೈತ ವರನೇ ಬೇಕು. ಮದುವೆಯಾದ ಕೂಡಲೇ ಅಮೆರಿಕದ ಪೌರತ್ವ. ಫೋಟೊ, ಆಧಾರ್, 2,500 ರೂಪಾಯಿ ನೋಂದಣಿ ಶುಲ್ಕ ಕಳಿಸಿ.’

ನಮ್ಮ ತಂಡದ ಒಬ್ಬರಿಗೆ ಇದನ್ನು ಕಳಿಸಿದ್ದು ಕಳಸದ ಹತ್ತಿರ ಇರುವ ಅವರ ದೊಡ್ಡಮ್ಮ. ಜೊತೆಗೆ ಒಂದು ವಾಯ್ಸ್ ಮೆಸೇಜ್: ‘ಇದು ಹೌದಾ ಮಾರಾಯ್ತಿ? ನಿನ್ನ ಅಣ್ಣಂದೊಂದು ಫೋಟೊ ಕಳ್ಸಿ ನೋಡ್ಲಾ?’ ಅಣ್ಣನಿಗೆ 36 ವರ್ಷ. ನಾಲ್ಕು ಎಕರೆ ರೋಬಸ್ಟಾ, ಸ್ವಲ್ಪ ಅಡಿಕೆ, ಕಾಳುಮೆಣಸು. ದುಡಿಮೆಗೆ ಕೊರತೆಯಿಲ್ಲ. ಆದರೆ ‘ಹುಡುಗ ತೋಟದಲ್ಲೇ ಇರ್ತಾನಂತೆ’ ಎಂದ ತಕ್ಷಣ ಜಾತಕ ವಾಪಸ್ ಬರುತ್ತದೆ.

ಇದು ನಗುವ ವಿಷಯವಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು, ಅವರಲ್ಲಿ ಹೆಚ್ಚಿನವರು ರೈತರು, ಮದುವೆಯಾಗಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದರು. ಮಂಡ್ಯದ ಕಬ್ಬಿನ ಗದ್ದೆಯ ಚಿಂತೆಯೇ ಮೂಡಿಗೆರೆ, ಕಳಸದ ಕಾಫಿ ತೋಟದಲ್ಲೂ ಇದೆ. ಮೋಸ ಮಾಡುವವರಿಗೂ ಅದು ಚೆನ್ನಾಗಿ ಗೊತ್ತು. ಹಾಗಾಗಿ ದೊಡ್ಡಮ್ಮನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ವಿಡಿಯೋ ಯಾವುದು?

ವಿಡಿಯೋದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದೆವು. ಅದು ವಿದೇಶದ ರಿಯಾಲಿಟಿ ಶೋ ಒಂದರ ತುಣುಕು. ಚಾನೆಲ್ಲಿನ ಲೋಗೊ ಕಾಣದಂತೆ ಮೂಲೆಯನ್ನು ಕತ್ತರಿಸಿದ್ದರು. ಮೂಲ ಧ್ವನಿ ತೆಗೆದು ಹಾಡು ಸೇರಿಸಿದ್ದರು.

ಸಂಗಾತಿಗಾಗಿ ದೇಶ ದಾಟುವವರ ಮೇಲೆ ಇಂಥ ಶೋಗಳು ಹಲವು ಇವೆ. ಅಮೆರಿಕದ ಟಿಎಲ್‌ಸಿ ಚಾನೆಲ್ಲಿನಲ್ಲಿ ‘90 ಡೇ ಫಿಯಾನ್ಸೆ’ ಶುರುವಾಗಿದ್ದು 2014ರ ಜನವರಿಯಲ್ಲಿ. ಅಮೆರಿಕ ಬಿಟ್ಟು ಬೇರೆ ದೇಶಕ್ಕೆ ಹೋಗಿ ಸಂಗಾತಿಯ ಜೊತೆ ನೆಲೆಸುವವರ ಕಥೆ ಹೇಳುವ ‘ದಿ ಅದರ್ ವೇ’ 2019ರಲ್ಲಿ ಬಂತು. ಒಂಟಿಯಾಗಿರುವವರನ್ನು ದಲ್ಲಾಳಿಗಳ ಮೂಲಕ ಬೇರೆ ದೇಶದಲ್ಲಿ ಜೋಡಿ ಮಾಡಿಸುವ ‘ಮ್ಯಾಚ್ ಮಿ ಅಬ್ರಾಡ್’ ಬಂದದ್ದು 2023ರಲ್ಲಿ. ಇವುಗಳ ತುಣುಕುಗಳೇ ರೀಲ್ಸ್ ಆಗಿ, ಆಮೇಲೆ ‘ಸುದ್ದಿ’ಯಾಗಿ ನಮ್ಮ ಗ್ರೂಪುಗಳಿಗೆ ಬರುತ್ತವೆ.

ರಿಯಾಲಿಟಿ ಶೋ ಅಂದರೆ ಎಲ್ಲಾ ಸುಳ್ಳಾ?

ಹಾಗೇನಿಲ್ಲ. ಜನ ನಿಜ, ಕೆಲವರ ಮದುವೆಯೂ ನಿಜ. ಆದರೆ ನಮಗೆ ಕಾಣುವುದು ಕಟ್ಟಿದ ಕಥೆ.

ಮೊದಲನೆಯದು ಆಯ್ಕೆ. ಜಗಳವಿಲ್ಲದ, ಸಮಸ್ಯೆಯಿಲ್ಲದ ಜೋಡಿ ಟಿವಿಗೆ ಬೇಡ. ವಯಸ್ಸಿನ ಅಂತರ, ಮನೆಯವರ ವಿರೋಧ, ಹಣದ ಅನುಮಾನ ಇರುವವರಿಗೆ ಅವಕಾಶ ಹೆಚ್ಚು.

ಎರಡನೆಯದು ಎಡಿಟಿಂಗ್. ವಾರಗಟ್ಟಲೆ, ತಿಂಗಳುಗಟ್ಟಲೆ ಚಿತ್ರೀಕರಿಸಿದ್ದನ್ನು ಕೆಲವೇ ಗಂಟೆಗಳಿಗೆ ಇಳಿಸುತ್ತಾರೆ. ಬೇರೆ ಬೇರೆ ಹೊತ್ತಿನಲ್ಲಿ ಆಡಿದ ಮಾತಿನ ಚೂರುಗಳನ್ನು ಜೋಡಿಸಿ ಒಂದೇ ವಾಕ್ಯದಂತೆ ಕೇಳಿಸುವ ತಂತ್ರವೂ ಇದೆ. ಆ ರಂಗದವರು ಅದನ್ನು ‘ಫ್ರಾಂಕನ್‌ಬೈಟ್’ ಎನ್ನುತ್ತಾರೆ. ಹುಡುಗಿ ಅಳುತ್ತಿರುವುದು ನಿಜವೇ ಇರಬಹುದು. ಯಾವ ಮಾತಿಗೆ ಅತ್ತಳು ಎಂಬುದನ್ನು ತೀರ್ಮಾನಿಸುವುದು ಎಡಿಟರ್.

ಮೂರನೆಯದು ಸಮಯ. ಚಿತ್ರೀಕರಣ ಮುಗಿದು ತಿಂಗಳುಗಳಾದ ಮೇಲೆ ಶೋ ಪ್ರಸಾರವಾಗುತ್ತದೆ. ರೀಲ್ಸ್ ನಮ್ಮ ಫೋನಿಗೆ ಬರುವಷ್ಟರಲ್ಲಿ ವರ್ಷಗಳೇ ಕಳೆದಿರಬಹುದು. ‘ಈಗ ವರನಿಗಾಗಿ ಕಾಯುತ್ತಿದ್ದಾಳೆ’ ಎನ್ನುವ ಹುಡುಗಿ ಅಷ್ಟರಲ್ಲಿ ಎರಡು ಮಕ್ಕಳ ತಾಯಿಯಾಗಿರಬಹುದು.

ಸುವರ್ಣ ಚಾನೆಲ್ಲಿನ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ನೆನಪಿದೆಯಲ್ಲ? ಹಳ್ಳಿಗೆ ಬಂದ ಆ ಹುಡುಗಿಯರು ಸ್ಪರ್ಧೆ ಮುಗಿದ ಮೇಲೆ ಊರಿಗೆ ವಾಪಸ್ ಹೋಗುತ್ತಾರೆ ಎಂದು ನಮಗೆಲ್ಲ ಗೊತ್ತಿತ್ತು. ಭಾಷೆ ಬದಲಾಗಿ, ಲೋಗೊ ಮಾಯವಾದಾಗ ಅದೇ ತಿಳಿವಳಿಕೆ ನಮ್ಮ ಕೈತಪ್ಪುತ್ತದೆ.

ಭಾರತದ ಜೋಡಿಯ ಕಥೆ

‘ದಿ ಅದರ್ ವೇ’ಯಲ್ಲಿ ಭಾರತದ ಜೋಡಿಯೊಂದು ಬಹಳ ಹೆಸರಾಯಿತು: ಅಮೆರಿಕದ ಜೆನ್ನಿ, ನಮ್ಮ ದೇಶದ ಸುಮಿತ್. ಶೋದಲ್ಲೇ ಹೇಳಿರುವಂತೆ, ಆರಂಭದಲ್ಲಿ ಸುಮಿತ್ ಆನ್‌ಲೈನಿನಲ್ಲಿ ಬೇರೆಯೇ ಹೆಸರಿಟ್ಟುಕೊಂಡು, ಬ್ರಿಟಿಷ್ ವ್ಯಕ್ತಿಯೆಂದು ಹೇಳಿಕೊಂಡು ಜೆನ್ನಿಯ ಜೊತೆ ಮಾತಾಡಿದ್ದರು. ಆಮೇಲೆ ನಿಜ ಒಪ್ಪಿಕೊಂಡರು. ಅವರಿಗೆ ಆಗಲೇ ಮದುವೆಯಾಗಿತ್ತು ಎಂಬುದು ಜೆನ್ನಿ ಭಾರತಕ್ಕೆ ಬಂದ ನಂತರ ಬಯಲಾಯಿತು. ವಿಚ್ಛೇದನ, ಮನೆಯವರ ವಿರೋಧ ಎಲ್ಲ ದಾಟಿ ಇಬ್ಬರೂ ಮದುವೆಯಾದದ್ದು 2021ರಲ್ಲಿ.

ಪ್ರೀತಿ ಗಟ್ಟಿಯಾಗಿತ್ತು ಎನ್ನಿ. ಆದರೂ ಸುಳ್ಳು ಪ್ರೊಫೈಲ್ ಎಷ್ಟು ಸುಲಭ, ಕಾಗದಪತ್ರ ಎಷ್ಟು ನಿಧಾನ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮದುವೆಯಾದ ಕೂಡಲೇ ಪೌರತ್ವ ಸಿಗುತ್ತದೆಯೇ?

ಇಲ್ಲ. ‘90 ಡೇ’ ಎಂಬ ಹೆಸರು ಬಂದದ್ದು ಅಮೆರಿಕದ ಕೆ-1 ವೀಸಾದಿಂದ. ಅರ್ಜಿ ಹಾಕಬೇಕಾದವರು ಅಮೆರಿಕದ ಪ್ರಜೆ. ಅರ್ಜಿಗೆ ಹಿಂದಿನ 2 ವರ್ಷಗಳೊಳಗೆ ಇಬ್ಬರೂ ಒಮ್ಮೆಯಾದರೂ ಮುಖಾಮುಖಿ ಭೇಟಿಯಾಗಿರಬೇಕು. ವಿನಾಯಿತಿ ಅಪರೂಪ. ಅಂದರೆ ವಾಟ್ಸಾಪ್ ಪರಿಚಯ ಸಾಲದು. ಅಮೆರಿಕಕ್ಕೆ ಕಾಲಿಟ್ಟ ಮೇಲೆ 90 ದಿನದೊಳಗೆ ಮದುವೆಯಾಗಬೇಕು, ಇಲ್ಲವೇ ಹಿಂತಿರುಗಬೇಕು. ಮದುವೆಯಾದರೂ ಮೊದಲು ಸಿಗುವುದು 2 ವರ್ಷದ ಷರತ್ತುಬದ್ಧ ಗ್ರೀನ್ ಕಾರ್ಡ್. ಪೌರತ್ವದ ಮಾತು ಅದಾದ ಮೇಲೆ.

ವಿದೇಶಿಯರು ಇಲ್ಲಿಗೇ ಬಂದು ಮದುವೆಯಾಗುವುದಾದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು. ವಿವಾಹಾಧಿಕಾರಿಗೆ ನೋಟಿಸ್ ಕೊಟ್ಟು ಮತ್ತೆ 30 ದಿನ ಕಾಯಬೇಕು. ಮದುವೆ ನೋಂದಣಿಯಾಗಿ 2 ವರ್ಷವಾದ ಮೇಲಷ್ಟೇ ವಿದೇಶಿ ಸಂಗಾತಿ ಒಸಿಐ ಕಾರ್ಡಿಗೆ ಅರ್ಜಿ ಹಾಕಬಹುದು.

ನಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದು ಮಾತು. ‘ನಿಮ್ಮೂರಲ್ಲಿ ಕಾಫಿ ಎಸ್ಟೇಟು ಕೊಳ್ಳುತ್ತೇನೆ, ಅಡ್ವಾನ್ಸ್‌ಗೆ ಸಹಾಯ ಮಾಡಿ’ ಎಂದು ಆ ಕಡೆಯವರು ಹೇಳಿದರೆ ಅಲ್ಲೇ ಎಚ್ಚರಾಗಿ. ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಒಸಿಐ ಕಾರ್ಡ್ ಇರುವವರು ಕೂಡ ಕೃಷಿ ಭೂಮಿಯನ್ನಾಗಲಿ, ಪ್ಲಾಂಟೇಷನ್ ಜಮೀನನ್ನಾಗಲಿ ಕೊಳ್ಳುವಂತಿಲ್ಲ.

ಹಣ ಹೋಗುವುದು ಎಲ್ಲಿ?

2,500 ರೂಪಾಯಿ ಬರೀ ಬಾಗಿಲು. ಹಣ ಕಳಿಸಿದವರು ನಂಬುತ್ತಾರೆ ಎಂದು ಗೊತ್ತಾದ ಮೇಲೆ ಆಟ ಶುರು. ಕೆಲವು ದಿನ ಸಿಹಿ ಮಾತು. ಆಮೇಲೆ ‘ನಿಮಗೆ ಗಿಫ್ಟ್ ಕಳಿಸಿದ್ದೇನೆ’. ಮರುದಿನ ದೆಹಲಿಯಿಂದ ಕರೆ: ‘ಪಾರ್ಸೆಲ್‌ನಲ್ಲಿ ಡಾಲರ್ ಇದೆ, ಕಸ್ಟಮ್ಸ್ ಹಿಡಿದಿದೆ, ತೆರಿಗೆ ಕಟ್ಟಿ, ಇಲ್ಲದಿದ್ದರೆ ಕೇಸ್.’ ಮೊದಲು ಆಸೆ, ನಂತರ ಭಯ.

ಕಸ್ಟಮ್ಸ್ ಇಲಾಖೆ ಯಾರದೋ ಖಾಸಗಿ ಖಾತೆಗೆ ಹಣ ಹಾಕಿ ಎಂದು ಫೋನ್ ಮಾಡುವುದಿಲ್ಲ. ಇಲಾಖೆಯ ಪತ್ರಗಳಲ್ಲಿ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಸಿಬಿಐಸಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ಹಾಗಾದರೆ ಏನು ಮಾಡಬೇಕು?

• ವಿಡಿಯೋದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ.
• ವಿಡಿಯೋ ಅಸಲಿಯಾದರೂ ಅದರ ಕೆಳಗಿನ ನಂಬರು ಅಸಲಿ ಎಂದು ಅರ್ಥವಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಿ.
• ಆಧಾರ್, ಪ್ಯಾನ್, ಪಹಣಿ, ಪಾಸ್‌ಬುಕ್ಕಿನ ಫೋಟೊ ಕಳಿಸಬೇಡಿ.
• ವಿಡಿಯೋ ಕಾಲ್‌ನಲ್ಲಿ ಮುಖ ಕಂಡಿತು ಎಂದು ಪೂರ್ತಿ ನಂಬಬೇಡಿ. ಈಗ ಮುಖವನ್ನೂ ನಕಲು ಮಾಡಬಹುದು.
• ಹಣ ಕಳಿಸಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೆಸೇಜುಗಳನ್ನು ಅಳಿಸಬೇಡಿ, ಅವೇ ಸಾಕ್ಷಿ.

ಮೋಸ ಹೋದವರು ಸುಮ್ಮನಾಗುವುದು ಹಣ ಹೋಯಿತೆಂದಲ್ಲ, ಊರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆಂದು. ‘ಫಾರಿನ್ ಹುಡುಗಿ ಬೇಕಿತ್ತಂತೆ’ ಎಂದು ಗ್ರೂಪಿನಲ್ಲಿ ನಗುವ ಮುನ್ನ ಇದನ್ನು ನೆನಪಿಡಿ. ನಮ್ಮ ನಗುವಿಗೆ ಹೆದರಿ ಒಬ್ಬರು ದೂರು ಕೊಡದಿದ್ದರೆ, ಅದೇ ನಂಬರಿನಿಂದ ಮುಂದಿನ ಮನೆಗೆ ಕರೆ ಹೋಗುತ್ತದೆ.

ದೊಡ್ಡಮ್ಮ ಫೋಟೊ ಕಳಿಸಲಿಲ್ಲ. ಎಲ್ಲ ಕೇಳಿದ ಮೇಲೆ ಅವರು ಅಂದದ್ದು ಇಷ್ಟೆ: ‘ಹೋಗ್ಲಿ ಬಿಡು, ಆ ಹುಡುಗಿಗಾದ್ರೂ ಮದುವೆ ಆಯ್ತಾ?’ ಅದನ್ನು ಆ ನಲವತ್ತು ಸೆಕೆಂಡಿನ ತುಣುಕು ಹೇಳುವುದಿಲ್ಲ. ಆದರೆ ವಿಡಿಯೋ ಬಂದಿದ್ದ ಗ್ರೂಪಿಗೇ ಅವರು ತಮ್ಮದೇ ಧ್ವನಿಯಲ್ಲಿ ಒಂದು ಮೆಸೇಜ್ ಹಾಕಿದರು: ‘ಇದು ಟಿವಿ ಶೋ ಅಂತೆ. ಯಾರೂ ದುಡ್ಡು ಹಾಕ್ಬೇಡಿ.’ ನೀವೂ ಫಾರ್ವರ್ಡ್ ಮಾಡುವುದಿದ್ದರೆ ಆ ಮಾತನ್ನು ಮಾಡಿ.